ಕಾಡಿನ ಮೇಲಿನ ಆಕಾಶ ಯಾರದು?

ಕಳೆದ ವರ್ಷದ ಮಾಘಮಾಸದಲ್ಲಿ ನಮ್ಮ ಮನೆಗೆ ಒಂದು ಹೊಸ ಯಂತ್ರ ಬಂದಿತು. ಅದರ ತೂಕ ಕೇವಲ ೨೪೯ ಗ್ರಾಂ. ಮಡಿಸಿಟ್ಟರೆ ಕನ್ನಡಕದ ಪೆಟ್ಟಿಗೆಗಿಂತ ತುಸು ದೊಡ್ಡದು. ನಾಲ್ಕು ತೋಳುಗಳನ್ನು ಬಿಡಿಸಿ ಗುಂಡಿಯನ್ನೊತ್ತಿದರೆ ಗುಂಯ್‌ಗುಟ್ಟುತ್ತ ಮೇಲೇರಿ, ತೆಂಗಿನಮರದ ನೆತ್ತಿಯನ್ನು ದಾಟಿ ನಿಂತು, ಕೆಳಗಿನ ಲೋಕವನ್ನೆಲ್ಲ ಚಿತ್ರ ಹಿಡಿಯುತ್ತದೆ. ಡ್ರೋನ್ ಎಂಬ ಇದರ ಹೆಸರನ್ನು ಈಗ ಕೇಳದವರಿಲ್ಲ. ಮದುವೆಯ ಮನೆಯಲ್ಲಿ ವರನ ತಲೆಯ ಮೇಲೆ, ಜಾತ್ರೆಯಲ್ಲಿ ತೇರಿನ ಕಳಶದ ಮೇಲೆ ಅದು ಸುಳಿದಾಡುವುದನ್ನು ವಾಚಕರು ಕಂಡೇ ಇರುತ್ತಾರೆ. ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗ ಹುಟ್ಟುಹಬ್ಬದ ಉಡುಗೊರೆಯೆಂದು ಅದನ್ನು ನನ್ನಿಂದಲೇ ಕೊಡಿಸಿಕೊಂಡಿದ್ದನು. ಆದುದರಿಂದ ಮುಂದೆ ನಡೆದುದರಲ್ಲಿ ನನ್ನ ಪಾಲೂ ಉಂಟೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಭಾನುವಾರ ಬೆಳಗ್ಗೆ ತಾರಸಿಯ ಮೇಲೆ ಅದರ ಪ್ರಥಮ ಪ್ರಯೋಗ. ನನ್ನಾಕೆ ಅಲ್ಲಿಯೇ ಒಂದು ಮೂಲೆಯಲ್ಲಿ ಹಳೆಯ ಸೀರೆಯೊಂದನ್ನು ಹಾಸಿ ಸಂಡಿಗೆ ಇಡುತ್ತಿದ್ದಳು. ನಮ್ಮ ಬೀದಿಯ ತುದಿಯಲ್ಲಿ ಒಂದು ಹಳೆಯ ಮಳೆಮರವಿದೆ. ಅದರ ಎತ್ತರದ ಕವಲಿನಲ್ಲಿ ಹದ್ದಿನ ಜೋಡಿಯೊಂದು ವರ್ಷವರ್ಷವೂ ಗೂಡು ಕಟ್ಟುವುದು ವಾಡಿಕೆ. ಯಂತ್ರ ಆ ಕಡೆಗೆ ಹೊರಳಿದುದೇ ತಡ, ಗೂಡಿನಲ್ಲಿದ್ದ ಹಕ್ಕಿ ಎದ್ದು ಅದರ ಮೇಲೆರಗಿತು. ಮೊಮ್ಮಗ ಯಂತ್ರವನ್ನು ಹಿಂದಕ್ಕೆಳೆದನು; ಹದ್ದು ಅಟ್ಟಿಸಿಕೊಂಡು ಬಂದಿತು. ಅವನು ಎಡಕ್ಕೆ ತಿರುಗಿಸಿದರೆ ಅದೂ ಎಡಕ್ಕೆ. ಬಲಕ್ಕೆ ತಿರುಗಿಸಿದರೆ ಅದೂ ಬಲಕ್ಕೆ. “ನೋಡಿ ತಾತ, ನನ್ನ ಜೊತೆ ಆಟಕ್ಕೆ ನಿಂತಿದೆ!” ಎಂದು ಅವನು ಕೂಗಿದಾಗ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಾನೂ ಚಪ್ಪಾಳೆ ತಟ್ಟಿದೆನು.

ನನ್ನಾಕೆ ಮಾತ್ರ ಯಂತ್ರವನ್ನು ನೋಡುತ್ತಿರಲಿಲ್ಲ, ಮರವನ್ನು ನೋಡುತ್ತಿದ್ದಳು. “ಅಯ್ಯೋ, ಅಲ್ಲಿ ಕಾಗೆ ನೋಡಿ!” ಎಂದಳು. ನಾವು ತಿರುಗುವಷ್ಟರಲ್ಲಿ ಎರಡು ಕಾಗೆಗಳು ಬರಿದಾದ ಗೂಡಿನ ಅಂಚಿನಲ್ಲಿ ಕುಳಿತಿದ್ದವು. ಒಂದರ ಕೊಕ್ಕಿನಲ್ಲಿ ಏನೋ ಬೆಳ್ಳಗೆ ಕಂಡಿತು. ಹದ್ದು ಮರಳಿ ಬಂದು ಕಾಗೆಗಳನ್ನು ಓಡಿಸಿ ಗೂಡಿನ ಸುತ್ತ ಹಾರಿತು; ಕುಳಿತುಕೊಳ್ಳಲಿಲ್ಲ. ಮೊಮ್ಮಗ ಮಾತಿಲ್ಲದೆ ಯಂತ್ರವನ್ನು ಕೆಳಗಿಳಿಸಿದನು. “ಅದು ನಿಮ್ಮ ಜೊತೆ ಆಟಕ್ಕೆ ಬಂದಿರಲಿಲ್ಲ,” ಎಂದಷ್ಟೇ ಹೇಳಿ ಅವಳು ಮತ್ತೆ ಸಂಡಿಗೆಯ ಹಿಟ್ಟಿಗೆ ಕೈಯಿಟ್ಟಳು.

ಇಷ್ಟಾದರೂ ಹುಡುಗನ ಹಂಬಲ ಅಡಗಲಿಲ್ಲ. ಯುಗಾದಿಯ ರಜೆಗೆ ನಾವೆಲ್ಲ ಬಂಡೀಪುರಕ್ಕೆ ಹೋಗುವುದೆಂದು ಮೊದಲೇ ನಿಶ್ಚಯವಾಗಿದ್ದಿತು. ಸಂಜೆಯ ಹೊತ್ತು ಕೆರೆಗಿಳಿಯುವ ಆನೆಯ ಹಿಂಡನ್ನು ಆಕಾಶದಿಂದ ಚಿತ್ರ ತೆಗೆಯಬೇಕೆಂಬುದು ಅವನ ಬಹುದಿನದ ಆಸೆ. ತಕ್ಕ ವಾದಗಳನ್ನೂ ಅವನು ಸಿದ್ಧಮಾಡಿಕೊಂಡಿದ್ದನು. ಒಂದು: ಇಷ್ಟು ಹಗುರವಾದ ಡ್ರೋನಿಗೆ ಲೈಸೆನ್ಸೇ ಬೇಡ, ಸರ್ಕಾರದ ನಕ್ಷೆಯಲ್ಲಿ ಆ ಜಾಗಕ್ಕೆ ಹಸಿರು ಬಣ್ಣವಿದ್ದರೆ ಸಾಕು. ಎರಡು: ತಾನು ಕಾಡಿನೊಳಗೆ ಕಾಲಿಡುವುದೇ ಇಲ್ಲ, ಹೊರಗಿನ ವಸತಿಗೃಹದ ಅಂಗಳದಲ್ಲಿ ನಿಂತು ಹಾರಿಸುತ್ತಾನೆ. ಮೂರು: “ಆನೆಗೇನು ಗೂಡಿದೆಯೆ, ಮೊಟ್ಟೆಯಿದೆಯೆ ತಾತ? ಅಷ್ಟು ಎತ್ತರದಲ್ಲಿ ಹಾರಿಸಿದ್ರೆ ಅದಕ್ಕೆ ಗೊತ್ತೂ ಆಗೋದಿಲ್ಲ.”

ಹುಡುಗರ ವಾದವನ್ನು ಗದರಿಕೆಯಿಂದ ಗೆಲ್ಲುವುದು ಗೆಲುವಲ್ಲ. ಆದುದರಿಂದ ನಾನು ಕೆಲವು ದಿನ ಕುಳಿತು ಈ ವಿಷಯವನ್ನು ಓದಿದೆನು. ಬೇಸಗೆಯ ರಜೆಗೆ ಮಕ್ಕಳೊಡನೆ ಕಾಡಿನ ಕಡೆ ಹೊರಡುವ ವಾಚಕರಿಗೂ ಇದು ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ವಾದದಲ್ಲಿ ಅರ್ಧ ಸತ್ಯವಿದೆ. ೨೦೨೧ರ ಆಗಸ್ಟ್ ೨೫ರಂದು ಭಾರತ ಸರ್ಕಾರ ಪ್ರಕಟಿಸಿದ ಡ್ರೋನ್ ನಿಯಮಗಳು ಈ ಯಂತ್ರಗಳನ್ನು ತೂಕದ ಮೇಲೆ ಐದು ವರ್ಗಗಳಾಗಿ ವಿಂಗಡಿಸಿದವು. ೨೫೦ ಗ್ರಾಮಿನವರೆಗಿನದು ನ್ಯಾನೋ. ಅಲ್ಲಿಂದ ೨ ಕಿಲೋವರೆಗಿನದು ಮೈಕ್ರೋ. ೨೫ ಕಿಲೋವರೆಗೆ ಸಣ್ಣದು. ೧೫೦ ಕಿಲೋವರೆಗೆ ಮಧ್ಯಮ. ಅದನ್ನು ಮೀರಿದುದು ದೊಡ್ಡದು. ನ್ಯಾನೋ ಹಾರಿಸುವವನಿಗೆ ಚಾಲಕನ ಪ್ರಮಾಣಪತ್ರ ಬೇಕಿಲ್ಲ. ವ್ಯಾಪಾರಕ್ಕಲ್ಲದೆ ಹವ್ಯಾಸಕ್ಕೆ ಮೈಕ್ರೋ ಹಾರಿಸುವವನಿಗೂ ಬೇಕಿಲ್ಲ. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂಬ ಮೂರು ವಲಯಗಳಾಗಿ ತೋರಿಸುವ ನಕ್ಷೆಯನ್ನು ಡಿಜಿಟಲ್ ಸ್ಕೈ ಎಂಬ ಸರ್ಕಾರಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹಸಿರಿನಲ್ಲಿ ಸಾಮಾನ್ಯವಾಗಿ ೪೦೦ ಅಡಿ, ಅಂದರೆ ೧೨೦ ಮೀಟರ್ ಎತ್ತರದವರೆಗೆ ಹಾರಿಸಲು ಮುಂಗಡವಾಗಿ ಅಪ್ಪಣೆ ಪಡೆಯಬೇಕಾಗಿಲ್ಲ. ಹಳದಿಯಲ್ಲಿ ವಿಮಾನ ಸಂಚಾರವನ್ನು ನಿಯಂತ್ರಿಸುವವರ ಅಪ್ಪಣೆ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅಪ್ಪಣೆಯಿಲ್ಲದೆ ಹಾರಿಸುವಂತೆಯೇ ಇಲ್ಲ.

ಇದಕ್ಕಿಂತ ಮೊದಲು, ೨೦೧೮ರ ಡಿಸೆಂಬರಿನಿಂದ ಜಾರಿಯಲ್ಲಿದ್ದ ನಿಬಂಧನೆಗಳಲ್ಲಿ ಎಲ್ಲೆಲ್ಲಿ ಹಾರಿಸಬಾರದೆಂಬ ಉದ್ದನೆಯ ಪಟ್ಟಿಯೊಂದಿದ್ದಿತು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಸುತ್ತಣ ಪರಿಸರ ಸೂಕ್ಷ್ಮ ವಲಯಗಳ ಮೇಲೆ ಮುಂಗಡ ಅಪ್ಪಣೆಯಿಲ್ಲದೆ ಹಾರಿಸಬಾರದೆಂದು ಅದರಲ್ಲಿ ಹೆಸರು ಹಿಡಿದೇ ಹೇಳಿತ್ತು. ೨೦೨೧ರಲ್ಲಿ ಪಟ್ಟಿಯ ಪದ್ಧತಿ ಹೋಗಿ ನಕ್ಷೆಯ ಪದ್ಧತಿ ಬಂದಿತು. ಬಣ್ಣವೊಂದನ್ನು ನೋಡಿ ಎಲ್ಲವೂ ಮುಗಿಯಿತೆಂದು ಜನ ತಿಳಿಯುವುದಕ್ಕೆ ಇದೇ ಕಾರಣವಾಗಿರಬಹುದು.

ಆದರೆ ನಕ್ಷೆ ಹೇಳುವುದು ವಿಮಾನಶಾಸನದ ಮಾತನ್ನು ಮಾತ್ರ. ಕಾಡಿಗೆ ಅದರದೇ ಆದ ಶಾಸನವುಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯಕ್ಕಾಗಲಿ ರಾಷ್ಟ್ರೀಯ ಉದ್ಯಾನಕ್ಕಾಗಲಿ ಹೊರಗಿನವರು ಪ್ರವೇಶಿಸಲು ಅಪ್ಪಣೆ ಬೇಕು. ಅಪ್ಪಣೆ ಕೊಡುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾಗಿ ಯಾವ ಯಾವ ಉದ್ದೇಶಕ್ಕೆ ಕೊಡಬಹುದೆಂಬುದನ್ನೂ ಕಾಯಿದೆ ಎಣಿಸಿ ಹೇಳಿದೆ. ನಾವು ಕೊಳ್ಳುವ ಸಫಾರಿಯ ಚೀಟಿ ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿನಲ್ಲಿ, ಇಲಾಖೆಯ ನಿಬಂಧನೆಗಳಿಗೆ ಒಳಪಟ್ಟು ಕಾಡನ್ನು ನೋಡಿಬರುವುದಕ್ಕೆ ಕೊಟ್ಟ ಅಪ್ಪಣೆ. ಡ್ರೋನ್ ಹಾರಿಸುವ ಹಕ್ಕು ಅದರೊಳಗೆ ಅಡಗಿಲ್ಲ.

ಇದೇ ಕಾಯಿದೆಯಲ್ಲಿ ಬೇಟೆ ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥ ನನ್ನನ್ನು ಬೆರಗುಗೊಳಿಸಿತು. ಬೇಟೆಯೆಂದರೆ ಕೋವಿಯಿಂದ ಕೊಲ್ಲುವುದೆಂದೇ ನಾವು ತಿಳಿದಿದ್ದೇವೆ. ಕಾಯಿದೆಯ ಪ್ರಕಾರವಾದರೋ ಪ್ರಾಣಿಯನ್ನು ಬೆನ್ನಟ್ಟುವುದೂ, ಬೆದರಿಸಿ ಅಟ್ಟುವುದೂ, ಹಾಗೆ ಮಾಡಲು ಪ್ರಯತ್ನಿಸುವುದೂ ಬೇಟೆಯೇ. ಹಕ್ಕಿಗಳ ವಿಷಯದಲ್ಲಿ ಮೊಟ್ಟೆಗೆ ಹಾನಿಮಾಡುವುದು ಮಾತ್ರವಲ್ಲ, ಗೂಡಿನ ನೆಮ್ಮದಿಯನ್ನು ಕೆಡಿಸುವುದೂ ಬೇಟೆಯೇ. ಈ ವಾಕ್ಯವನ್ನು ಓದಿದಾಗ ನನಗೆ ನಮ್ಮ ತಾರಸಿಯೂ ನಾನು ತಟ್ಟಿದ ಚಪ್ಪಾಳೆಯೂ ನೆನಪಾಗದೆ ಇರಲಿಲ್ಲ.

ಎರಡು ಶಾಸನಗಳ ಈ ಸಂಬಂಧ ಮೊಮ್ಮಗನಿಗೆ ತಿಳಿಯಲೆಂದು ಅವನು ಬಲ್ಲ ಉದಾಹರಣೆಯೊಂದನ್ನು ಕೊಟ್ಟೆನು. ಬಂಡೀಪುರದ ನಡುವೆ ಹಾದುಹೋಗುವ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿ ೯ ಗಂಟೆಯಿಂದ ಬೆಳಗ್ಗೆ ೬ ಗಂಟೆಯವರೆಗೆ ವಾಹನಸಂಚಾರ ನಿಷಿದ್ಧ. ತುರ್ತು ವಾಹನಗಳಿಗೂ ಗೊತ್ತುಮಾಡಿದ ಕೆಲವು ಬಸ್ಸುಗಳಿಗೂ ಮಾತ್ರ ರಿಯಾಯಿತಿ. ಕಾರಿನವನಲ್ಲಿ ಲೈಸೆನ್ಸು ಇರಬಹುದು, ವಿಮೆಯ ಕಾಗದವಿರಬಹುದು, ತೆರಿಗೆ ಕಟ್ಟಿದ ರಸೀತಿಯಿರಬಹುದು. ರಸ್ತೆಯೂ ಸಾರ್ವಜನಿಕರದೇ. ಆದರೂ ೯ ಗಂಟೆಗೆ ಗೇಟು ಬೀಳುತ್ತದೆ. ಏಕೆಂದರೆ ಆ ರಸ್ತೆ ಹಾದುಹೋಗುವ ನೆಲ ಮೊದಲು ಕಾಡಿನದು. ಅಲ್ಲಿಯ ರಾತ್ರಿ ಜಿಂಕೆಗೂ ಹುಲಿಗೂ ಆನೆಗೂ ಸೇರಿದುದು. ನಕ್ಷೆಯ ಹಸಿರು ಬಣ್ಣವೆಂಬುದು ಕಾರಿನ ಕಾಗದವಿದ್ದಂತೆ. ಅದು ಬೇಕು, ಆದರೆ ಗೇಟನ್ನು ತೆಗೆಸುವ ಶಕ್ತಿ ಅದಕ್ಕಿಲ್ಲ.

“ಸರಿ ತಾತ, ಗೇಟಿನ ಒಳಗೆ ಹೋದವನಿಗಲ್ಲವೆ ಗೇಟಿನ ಮಾತು? ನಾನು ಹೊರಗೇ ನಿಂತಿರ್ತೀನಲ್ಲ!” ಎಂದನು. ಇದು ಅವನ ಎರಡನೆಯ ವಾದ. ಕಾಡಿನ ಗಡಿ ನೆಲದ ಮೇಲಿನ ಕಲ್ಲುಗಳಿಂದ ಮುಗಿಯುತ್ತದೆಂಬ ಭ್ರಮೆ ನಮ್ಮಲ್ಲಿ ಅನೇಕರಿಗುಂಟು. ರಾಷ್ಟ್ರೀಯ ಉದ್ಯಾನಗಳ ಸುತ್ತ ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯ ಅನ್ವಯ ಪರಿಸರ ಸೂಕ್ಷ್ಮ ವಲಯಗಳನ್ನು ಘೋಷಿಸುತ್ತಾರೆ. ಬಂಡೀಪುರಕ್ಕೆ ಅಂಥ ವಲಯ ೨೦೧೨ರಲ್ಲಿ ಘೋಷಿತವಾಯಿತು. ಇಂಥ ಘೋಷಣೆಗಳ ಪಟ್ಟಿಯಲ್ಲಿ ಕಲ್ಲುಗಣಿ, ಮರದ ಕಾರ್ಖಾನೆಗಳ ಜೊತೆಗೆ ಪ್ರವಾಸಕ್ಕಾಗಿ ಆಕಾಶದಲ್ಲಿ ಹಾರಾಡುವುದನ್ನೂ ಸೇರಿಸುವುದು ರೂಢಿ. ಮೊದಮೊದಲು ವಿಮಾನ, ಬಿಸಿಗಾಳಿಯ ಬೆಲೂನುಗಳ ಹೆಸರಿದ್ದಿತು. ಅನಂತರದ ಅನೇಕ ಘೋಷಣೆಗಳಲ್ಲಿ ಡ್ರೋನಿನ ಹೆಸರೂ ಸೇರಿತು. ಕಾಡಿನಂಚಿನ ವಸತಿಗೃಹಗಳು ಬಹುಮಟ್ಟಿಗೆ ಈ ವಲಯದೊಳಗೇ ಇರುವುವು. ಅಂಗಳ ಮಾಲಿಕನದಾದರೂ ಅಲ್ಲಿಂದ ಮೇಲೇರಿ ಕಾಡಿನ ಮೇಲಕ್ಕೆ ಸಾಗುವ ದಾರಿ ಅವನದಲ್ಲ.

ರಾಷ್ಟ್ರೀಯ ಉದ್ಯಾನವೆಂಬ ಕಲ್ಪನೆಗೆ ೧೮೭೨ರಲ್ಲಿ ಯೆಲ್ಲೋಸ್ಟೋನಿನಲ್ಲಿ ಮೊದಲು ರೂಪು ಕೊಟ್ಟ ಅಮೆರಿಕದಲ್ಲಿಯೂ ಈ ಒಳಗು ಹೊರಗಿನ ಪ್ರಶ್ನೆ ಎದ್ದಿತು. ಅಲ್ಲಿ ಆಕಾಶದ ಅಧಿಕಾರ ವಿಮಾನಯಾನ ಇಲಾಖೆಯದು, ನೆಲದ ಅಧಿಕಾರ ಉದ್ಯಾನ ಇಲಾಖೆಯದು. ೨೦೧೪ರ ವಸಂತದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ಅಂಚಿನಲ್ಲಿ ಸೂರ್ಯಾಸ್ತವನ್ನು ಮೌನವಾಗಿ ನೋಡುತ್ತ ಕುಳಿತಿದ್ದವರ ಎದುರಿಗೆ ಡ್ರೋನೊಂದು ಗದ್ದಲಮಾಡುತ್ತ ಸುಳಿದಾಡಿ ಕೊನೆಗೆ ಕಮರಿಗೇ ಬಿದ್ದಿತು. ಅದೇ ಕಾಲದಲ್ಲಿ ಝಯಾನ್ ಉದ್ಯಾನದಲ್ಲಿ ಕಾಡುಕುರಿಗಳ ಹಿಂಡನ್ನು ಮತ್ತೊಂದು ಡ್ರೋನ್ ಚೆದರಿಸಿ ಮರಿಗಳನ್ನು ತಾಯಿಯರಿಂದ ಅಗಲಿಸಿತು. ಆ ವರ್ಷದ ಜೂನಿನಲ್ಲಿ ಉದ್ಯಾನ ಇಲಾಖೆಯವರು ತಮ್ಮ ಕೈಯಲ್ಲಿದ್ದ ನೆಲವನ್ನೇ ಹಿಡಿದು ಆಜ್ಞೆಮಾಡಿದರು: ಉದ್ಯಾನದ ನೆಲ ನೀರುಗಳಿಂದ ಡ್ರೋನನ್ನು ಹಾರಿಸಬಾರದು, ಅಲ್ಲಿ ಇಳಿಸಬಾರದು, ಅಲ್ಲಿ ನಿಂತು ನಡೆಸಬಾರದು. ಮೀರಿದವರಿಗೆ ಆರು ತಿಂಗಳವರೆಗೆ ಸೆರೆ, ೫,೦೦೦ ಡಾಲರುಗಳವರೆಗೆ ದಂಡ. ಎರಡು ತಿಂಗಳಾಗುವುದರೊಳಗೆ, ಆಗಸ್ಟಿನಲ್ಲಿ, ಪ್ರವಾಸಿಯೊಬ್ಬರ ಡ್ರೋನ್ ಯೆಲ್ಲೋಸ್ಟೋನಿನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಿಸಿನೀರಿನ ಬುಗ್ಗೆಗೆ ಬಿದ್ದು ಮುಳುಗಿತು. ಕಾಮನಬಿಲ್ಲಿನ ಬಣ್ಣಗಳ ಆ ಬುಗ್ಗೆಯ ಅಂಚು ಸೂಕ್ಷ್ಮಜೀವಿಗಳ ತೆಳ್ಳನೆಯ ಹಾಸಿನಿಂದಾದುದು. ಬಿದ್ದುದನ್ನು ತೆಗೆಯಹೋದರೆ ಆ ಹಾಸು ಹರಿಯುತ್ತದೆ, ಬಿಟ್ಟರೆ ಕಸ ಒಳಗೆ ಉಳಿಯುತ್ತದೆ. ಅಪರಾಧಿ ತೆತ್ತ ದಂಡ ೩,೦೦೦ ಡಾಲರುಗಳಿಗೂ ಮಿಕ್ಕಿದುದು.

ಇನ್ನು ಮೂರನೆಯ ವಾದ. ಆನೆಗೆ ಗೊತ್ತಾಗುವುದಿಲ್ಲವೆಂಬ ಮಾತು. ಇದೇ ಎಲ್ಲಕ್ಕಿಂತ ಮುಖ್ಯವಾದುದು. ಪ್ರಾಣಿಗೆ ನಿಜವಾಗಿ ಗೊತ್ತಾಗದಿದ್ದರೆ ಈ ನಿಯಮಗಳೆಲ್ಲ ಬರಿಯ ಅಧಿಕಾರಿಗಳ ಗದ್ದಲವಾದಾವು.

೨೦೧೮ರ ನವೆಂಬರಿನಲ್ಲಿ ಲೋಕವೆಲ್ಲ ನೋಡಿದ ಒಂದು ಚಲಚ್ಚಿತ್ರದ ತುಣುಕು ವಾಚಕರ ಫೋನಿಗೂ ಬಂದಿರಬಹುದು. ರಷ್ಯಾದ ಮಗದಾನ್ ಪ್ರಾಂತ್ಯದಲ್ಲಿ ತೆಗೆದುದು. ಹಿಮದ ಕಡಿದಾದ ಇಳಿಜಾರು, ತಾಯಿಕರಡಿ ಮೇಲೇರಿದೆ, ಮರಿ ಮತ್ತೆ ಮತ್ತೆ ಜಾರಿ ಬೀಳುತ್ತದೆ, ಮತ್ತೆ ಮತ್ತೆ ಏರುತ್ತದೆ, ಕೊನೆಗೆ ತಾಯಿಯನ್ನು ಸೇರುತ್ತದೆ. ಛಲ ಬಿಡಬಾರದೆಂಬ ನೀತಿಯೊಡನೆ ಅದನ್ನು ನನಗೆ ನಾಲ್ವರು ಕಳುಹಿಸಿದ್ದರು. ನಾನೂ ನಾಲ್ವರಿಗೆ ಕಳುಹಿಸಿದ್ದೆನು. ವನ್ಯಜೀವಿಗಳನ್ನು ಬಲ್ಲ ವಿಜ್ಞಾನಿಗಳು ಅದರಲ್ಲಿ ಕಂಡುದೇ ಬೇರೆ. ಮರಿ ಇನ್ನೇನು ಮೇಲೆ ತಲುಪಿತೆನ್ನುವಾಗ ಚಿತ್ರ ಒಮ್ಮೆಲೆ ಸಮೀಪಕ್ಕೆ ಬರುತ್ತದೆ. ತಾಯಿ ಪಂಜ ಬೀಸುತ್ತದೆ. ಮರಿ ಬಹುದೂರ ಜಾರಿಹೋಗುತ್ತದೆ. ತಲೆಯ ಮೇಲೆ ಡ್ರೋನ್ ಇಲ್ಲದಿದ್ದರೆ ಮರಿಯನ್ನು ಕರೆದುಕೊಂಡ ತಾಯಿ ಅಂಥ ಅಪಾಯದ ದಾರಿಯನ್ನು ಹಿಡಿಯುತ್ತಿತ್ತೆ ಎಂದು ಅವರು ಕೇಳಿದರು. ನಾವು ಛಲವೆಂದು ಕೊಂಡಾಡಿದುದು ಭಯವಾಗಿರಬಹುದು.

ಅಮೆರಿಕದ ಮಿನೆಸೋಟ ಸಂಸ್ಥಾನದ ವಿಜ್ಞಾನಿಗಳು ಕಪ್ಪು ಕರಡಿಗಳ ಮೈಯೊಳಗೆ ನಾಡಿಬಡಿತವನ್ನು ಅಳೆಯುವ ಸಾಧನವನ್ನಿಟ್ಟು ಅವುಗಳ ಮೇಲೆ ಡ್ರೋನ್ ಹಾರಿಸಿ ನೋಡಿ ೨೦೧೫ರಲ್ಲಿ ಫಲವನ್ನು ಪ್ರಕಟಿಸಿದರು. ನೋಡುವವರ ಕಣ್ಣಿಗೆ ಕರಡಿಗಳಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಬಹುಮಟ್ಟಿಗೆ ಇದ್ದಲ್ಲಿಯೇ ಇದ್ದವು, ಓಡಲಿಲ್ಲ. ಆದರೆ ಎದೆಯೊಳಗಿನ ಲೆಕ್ಕವೇ ಬೇರೆ. ಪ್ರತಿಯೊಂದರ ನಾಡಿಯೂ ಏರಿದ್ದಿತು. ಒಂದು ಕರಡಿಯದಂತೂ ನಿಮಿಷಕ್ಕೆ ೪೧ ಇದ್ದುದು ೧೬೨ಕ್ಕೆ ಹಾರಿದ್ದಿತು. ನಾಲ್ಕು ಪಟ್ಟು! ಮೇಲಿನಿಂದ ತೆಗೆದ ಚಿತ್ರದಲ್ಲಿ ಆ ಕರಡಿ ಶಾಂತವಾಗಿ ನಿಂತಂತೆಯೇ ಕಾಣುವುದು. ನಿಂತಿರುವ ಪ್ರಾಣಿ ನೆಮ್ಮದಿಯಾಗಿದೆಯೆಂದು ನಾವು ಹೇಳುವುದು ಎಷ್ಟು ಸುಲಭ!

ಆನೆಯ ಮಾತನ್ನೇ ಹೇಳಬೇಕೆಂದರೆ, ಡ್ರೋನ್ ಎಂಬ ಇಂಗ್ಲಿಷ್ ಶಬ್ದಕ್ಕೆ ಗಂಡು ಜೇನುನೊಣವೆಂಬ ಅರ್ಥವಿದೆ. ಆನೆಗೆ ಜೇನುಹುಳುವಿನ ಗುಂಯ್‌ಕಾರವೆಂದರೆ ಹೆದರಿಕೆ. ಸೊಂಡಿಲೊಳಗೆ, ಕಣ್ಣಿನ ಸುತ್ತ ಕುಟುಕಿಸಿಕೊಂಡ ನೋವನ್ನು ಅದು ಮರೆಯುವುದಿಲ್ಲ. ಕೀನ್ಯಾದ ಆನೆಗಳಲ್ಲಿ ಈ ಭಯವನ್ನು ಪರೀಕ್ಷಿಸಿ ನೋಡಿದ್ದಾರೆ. ಶ್ರೀಲಂಕಾದ ಆನೆಗಳೂ ಜೇನಿನ ಸದ್ದಿಗೆ ಹಿಂಜರಿದುದುಂಟು. ತಾಂಜಾನಿಯದಲ್ಲಿಯಂತೂ ಹೊಲಕ್ಕೆ ನುಗ್ಗಿದ ಆನೆಗಳನ್ನು ಹಿಂದಕ್ಕಟ್ಟಲು ಡ್ರೋನನ್ನೇ ಉಪಯೋಗಿಸಿ ಸಫಲರಾದರು. ಆನೆಯನ್ನು ಓಡಿಸಲೆಂದೇ ಬಳಸುವ ಯಂತ್ರವನ್ನು ನೀರು ಕುಡಿಯುತ್ತಿರುವ ಹಿಂಡಿನ ಮೇಲೆ ಬಿಟ್ಟು, ಅದಕ್ಕೆ ಗೊತ್ತೇ ಆಗುವುದಿಲ್ಲವೆನ್ನುವುದು ಹೇಗೆ? ಬೆದರಿದ ಹಿಂಡು ಯಾವ ಕಡೆಗೆ ಓಡೀತು? ಬೇಲಿಯಾಚೆ ಸೌದೆಗೋ ದನ ಮೇಯಿಸುವುದಕ್ಕೋ ಬಂದವರಿದ್ದರೆ?

ಹಕ್ಕಿಗಳ ಕಥೆ ಇದಕ್ಕಿಂತ ಕರುಣಾಜನಕ. ೨೦೨೧ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಬೋಲ್ಸಾ ಚೀಕಾ ಎಂಬ ರಕ್ಷಿತ ಜವುಗಿನಲ್ಲಿ, ನಿಷೇಧವಿದ್ದರೂ ಯಾರೋ ಹಾರಿಸಿದ ಡ್ರೋನ್ ಹಕ್ಕಿಗಳು ಮೊಟ್ಟೆಯಿಟ್ಟಿದ್ದ ಮರಳುದಿಬ್ಬದ ಮೇಲೆ ಬಿದ್ದಿತು. ಸುಮಾರು ೩,೦೦೦ ರೀವ ಹಕ್ಕಿಗಳು ಒಟ್ಟಿಗೆ ಎದ್ದುಹೋದವು, ಮರಳಿ ಬರಲಿಲ್ಲ. ದಿಬ್ಬದ ಮೇಲೆ ಉಳಿದುವು ಸಾವಿರಕ್ಕೂ ಹೆಚ್ಚು ಮೊಟ್ಟೆಗಳು, ಅವುಗಳಲ್ಲಿ ಮರಿಯಾಗಲಿಲ್ಲ. ನಮ್ಮ ಮಳೆಮರದಲ್ಲಿ ಒಂದು ಗೂಡಿಗೆ ಆದುದು ಅಲ್ಲಿ ಒಂದು ಊರಿಗೇ ಆಯಿತು.

ಹಾಗಾದರೆ ಡ್ರೋನ್ ಕಾಡಿನ ಶತ್ರುವೇ? ಹಾಗೆಂದರೆ ಅನ್ಯಾಯವಾದೀತು. ಅಸ್ಸಾಮಿನ ಕಾಜಿರಂಗದಲ್ಲಿ ೨೦೧೩ರಲ್ಲಿಯೇ ಘೇಂಡಾಮೃಗದ ಕಳ್ಳಬೇಟೆಯನ್ನು ತಡೆಯಲು ಡ್ರೋನ್ ಹಾರಿಸಿ ನೋಡಿದರು. ನಮ್ಮ ರಾಜ್ಯದಲ್ಲಿಯೂ ಊರಿನೊಳಕ್ಕೆ ಬಂದ ಆನೆ ಚಿರತೆಗಳನ್ನು ಪತ್ತೆಹಚ್ಚಲು ಮೈಶಾಖವನ್ನು ಗುರುತಿಸುವ ಡ್ರೋನನ್ನು ಅರಣ್ಯ ಇಲಾಖೆಯವರು ಬಳಸುತ್ತಾರೆ. ಯಂತ್ರ ಒಂದೇ, ಸದ್ದೂ ಒಂದೇ. ಆದರೆ ಅಲ್ಲಿ ಉದ್ದೇಶವೊಂದಿದೆ, ಹೊಣೆಗಾರರಿದ್ದಾರೆ, ಎಷ್ಟು ಹೊತ್ತು, ಎಷ್ಟು ಎತ್ತರ ಎಂಬ ಲೆಕ್ಕವಿದೆ. ವೈದ್ಯನ ಕೈಯ ಚೂರಿಯನ್ನು ನೋಡಿ ನಾವೂ ಚೂರಿ ಬೀಸಹೊರಡುವುದಿಲ್ಲವಷ್ಟೆ.

ಆದುದರಿಂದ ಕಾಡಿನ ಕಡೆ ಹೊರಟವರು ಡ್ರೋನನ್ನು ಮನೆಯಲ್ಲಿಯೇ ಬಿಟ್ಟುಹೋಗುವುದು ಕ್ಷೇಮ. ಅಧ್ಯಯನಕ್ಕೋ ಚಲಚ್ಚಿತ್ರಕ್ಕೋ ನಿಜವಾಗಿ ಬೇಕಾದವರು ಮೊದಲು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಬರೆದು ಲಿಖಿತ ಅಪ್ಪಣೆ ಪಡೆಯಬೇಕು. ಆಮೇಲೆ ಆಕಾಶದ ನಕ್ಷೆಯನ್ನು ನೋಡಬೇಕು. ಒಂದು ಇದ್ದರೆ ಇನ್ನೊಂದು ಬೇಡವೆಂದಲ್ಲ; ಎರಡೂ ಬೇಕು. ವಸತಿಗೃಹದವರು “ಪರವಾಗಿಲ್ಲ ಸಾರ್, ಎಲ್ಲರೂ ಹಾರಿಸ್ತಾರೆ” ಎಂದರೆ ಅದು ಅಪ್ಪಣೆಯಲ್ಲ. ಸಿಕ್ಕಿಬಿದ್ದಾಗ ಯಂತ್ರ ಹೋಗುವುದು ನಮ್ಮದು, ಕಟಕಟೆ ಹತ್ತುವವರೂ ನಾವೇ. ಡ್ರೋನ್ ನಿಯಮಗಳನ್ನು ಮೀರಿದವರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡವುಂಟು. ವನ್ಯಜೀವಿ ಕಾಯಿದೆಯ ಶಿಕ್ಷೆ ಬೇರೆ.

ಇಷ್ಟನ್ನೂ ನಾನು ಹೇಳಿ ಮುಗಿಸಿದ ಮೇಲೆ ಮೊಮ್ಮಗ ಬಹಳ ಹೊತ್ತು ಮಾತನಾಡಲಿಲ್ಲ. “ಆ ಕರಡಿಯ ಲೆಕ್ಕ ಇನ್ನೊಂದ್ಸಲ ಹೇಳಿ ತಾತ,” ಎಂದನು. “೪೧, ೧೬೨,” ಎಂದೆನು. ಹೊರಡುವ ದಿನ ಅವನ ಚೀಲದಲ್ಲಿ ಡ್ರೋನ್ ಇರಲಿಲ್ಲ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬಂಡೀಪುರದಲ್ಲಿ ಇಲಾಖೆಯ ವಾಹನ ಒಂದು ತಿರುವಿನಲ್ಲಿ ನಿಂತಾಗ ದಾರಿಯ ಪಕ್ಕದಲ್ಲಿಯೇ ಹೆಣ್ಣಾನೆಯೊಂದು ಮರಿಯೊಡನೆ ನಿಂತಿದ್ದಿತು. ಚಾಲಕ ಇಂಜಿನನ್ನು ಆರಿಸಿದನು. ಆನೆ ಹುಲ್ಲನ್ನು ಕಿತ್ತು ಕಾಲಿಗೆ ಬಡಿದು ಮಣ್ಣು ಕೊಡವಿಕೊಳ್ಳುವ ಸದ್ದು ನಮಗೆ ಸ್ಪಷ್ಟವಾಗಿ ಕೇಳುತ್ತಿದ್ದಿತು. ಮೊಮ್ಮಗ ಫೋನನ್ನು ಮೇಲೆತ್ತಿದವನು ಹಾಗೆಯೇ ತೊಡೆಯ ಮೇಲಿಟ್ಟುಕೊಂಡನು. ಹಿಂದಿರುಗುವಾಗ, “ಆ ಸದ್ದು ಮೇಲಿಂದ ಕೇಳಿಸ್ತಿರಲಿಲ್ಲ ಅಲ್ವಾ ಅಜ್ಜಿ?” ಎಂದು ತನ್ನ ಅಜ್ಜಿಯನ್ನು ಕೇಳಿದನು.

ಕಳೆದ ವರ್ಷ ನಮ್ಮ ಬೀದಿಯ ಹದ್ದುಗಳು ಮತ್ತೆ ಮೊಟ್ಟೆಯಿಡಲಿಲ್ಲ. ಮಳೆಗಾಲದಲ್ಲಿ ಗೂಡಿನ ಕಡ್ಡಿಗಳೆಲ್ಲ ಉದುರಿಹೋದವು. ಈಗ ವಾರದಿಂದ ಒಂದು ಹದ್ದು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಆ ಮಳೆಮರಕ್ಕೆ ಹೋಗಿಬರುತ್ತಿದೆ. ಹಳೆಯ ಜೋಡಿಯೋ ಹೊಸತೋ ನನಗೆ ತಿಳಿಯದು. ಹಾಸ್ಟೆಲಿನಲ್ಲಿರುವ ಮೊಮ್ಮಗ ಪ್ರತಿ ಭಾನುವಾರ ಫೋನು ಮಾಡುತ್ತಾನೆ. ನನ್ನ ಆರೋಗ್ಯವನ್ನು ಕೇಳುವುದಕ್ಕೆ ಮುಂಚೆ ಅವನು ಕೇಳುವ ಪ್ರಶ್ನೆ ಒಂದೇ: “ತಾತ, ಹದ್ದು ಕೂತಿದೆಯಾ?”